ಡಿಪಿಐ ಆಮೇಲೆ, ಮೊದಲು ಫಿಲ್ಮ್ ಚಪ್ಪಟೆಯಾಗಿ ಕೂರಲಿ

ಹಳೇ 120 ನೆಗೆಟಿವ್ (ಸುಮಾರು 6 ಸೆಂ.ಮೀ ಅಗಲದ ರೋಲ್ ಫಿಲ್ಮ್) ತಂದವರು ಮೊದಲು ಕೇಳುವುದು ಒಂದೇ: ಎಷ್ಟು ಡಿಪಿಐನಲ್ಲಿ, ಅಂದರೆ ಇಂಚಿಗೆ ಎಷ್ಟು ಚುಕ್ಕೆಯಂತೆ, ಸ್ಕ್ಯಾನ್ ಮಾಡ್ತೀರಾ? ಸ್ಕ್ಯಾನರ್ ಡಬ್ಬದ ಮೇಲೆ 6400 ಅಂತ ಬರೆದಿರುತ್ತದೆ, ಹಾಗಾಗಿ 6400ರಲ್ಲೇ ಮಾಡಿಕೊಡಿ ಅನ್ನುತ್ತಾರೆ. ಆ ಸಂಖ್ಯೆ ಮರೆತುಬಿಡಿ. ಎಪ್ಸನ್ ವಿ600 ಸ್ಕ್ಯಾನರ್ ನಿಜವಾಗಿ ಬಿಡಿಸಿ ತೋರಿಸುವುದು 1500ರ ಆಸುಪಾಸು. ವಿ700, ವಿ850 ಆದರೆ 2300ರ ಹತ್ತಿರ. ಅದರ ಮೇಲೆ ಹೋದಷ್ಟೂ ಫೈಲ್ ಊದಿಕೊಳ್ಳುತ್ತದೆ, ಫೋಟೋದಲ್ಲಿ ಹೊಸದೇನೂ ಕಾಣುವುದಿಲ್ಲ. 6×6 ಸೆಂ.ಮೀ ಅನ್ನುವ ಫ್ರೇಮ್‌ನ ನಿಜವಾದ ಅಳತೆ 56 ಮಿಲಿಮೀಟರ್ ಚೌಕ. 6400ರಲ್ಲಿ, 48 ಬಿಟ್ ಕಲರ್‌ನಲ್ಲಿ ಮಾಡಿದರೆ ಒಂದೊಂದು ಫೋಟೋ ಒಂದು ಜಿಬಿ ದಾಟುತ್ತದೆ. 2400ರಲ್ಲಿ ಮಾಡಿದರೆ 28 ಮೆಗಾಪಿಕ್ಸೆಲ್. ಸಾಕಲ್ವಾ? ವಿ600ರ ನಿಜವಾದ 1500 ಹಿಡಿದು ಲೆಕ್ಕ ಹಾಕಿದರೂ 11 ಇಂಚಿನ ಪ್ರಿಂಟ್ ಚೆನ್ನಾಗೇ ಬರುತ್ತದೆ. 35 ಎಂಎಂ ನೆಗೆಟಿವ್‌ನ ಕಥೆ ಬೇರೆ, ಅದು ಇಷ್ಟು ಹಿಗ್ಗುವುದಿಲ್ಲ.

ಇನ್ನೊಂದು ವಿಷಯ. ನಮ್ಮ ಮನೆಗಳಲ್ಲಿ ಸಿಗುವ ಎಷ್ಟೋ ರೋಲ್‌ಗಳು ಆಗ್ಫಾ ಕ್ಲಿಕ್ 3ರಲ್ಲಿ ತೆಗೆದವು. ಅದರ ಲೆನ್ಸ್ ತೀರಾ ಸರಳ, ಫೋಟೋದ ಮೂಲೆಗಳು ಮೊದಲೇ ಮಸುಕು. ಅಲ್ಲಿ ಇಲ್ಲದ ವಿವರವನ್ನು ಯಾವ ಸ್ಕ್ಯಾನರ್ ತಂದುಕೊಡುತ್ತದೆ? ಮದುವೆ ಫೋಟೋಗ್ರಾಫರ್‌ಗಳು ಯಾಶಿಕಾ ಮ್ಯಾಟ್ 124ಜಿಯಂಥ ಕ್ಯಾಮೆರಾದಲ್ಲಿ ತೆಗೆದ ನೆಗೆಟಿವ್ ಆದರೆ ಸೀರೆಯ ಜರಿಯವರೆಗೂ ವಿವರ ಇರುತ್ತದೆ, ಅದಕ್ಕೆ ಕಷ್ಟಪಡಬಹುದು.

ಆ ಕಷ್ಟ ಪಡಬೇಕಾದದ್ದು ಫಿಲ್ಮ್ ಕೂರಿಸುವುದರಲ್ಲಿ. ಗಾಜಿನ ಮೇಲಿಟ್ಟು ಸ್ಕ್ಯಾನ್ ಮಾಡುವ ಇಂಥ ಫ್ಲಾಟ್‌ಬೆಡ್ ಸ್ಕ್ಯಾನರ್‌ಗಳಿಗೆ ಆಟೋಫೋಕಸ್ ಇರುವುದಿಲ್ಲ. ಲೆನ್ಸ್ ಒಂದು ನಿಗದಿತ ಎತ್ತರಕ್ಕೆ ಫೋಕಸ್ ಆಗಿರುತ್ತದೆ, ಫಿಲ್ಮ್ ಆ ಎತ್ತರದಲ್ಲೇ ಇರಬೇಕು. ವಿ700ರ ಹೋಲ್ಡರ್‌ನ, ಅಂದರೆ ಫಿಲ್ಮ್ ಹಿಡಿಯುವ ಚೌಕಟ್ಟಿನ, ಕಾಲುಗಳನ್ನು ತಿರುಗಿಸಿ ಎತ್ತರ ಬದಲಿಸಬಹುದು. ವಿ600ರದ್ದಕ್ಕೆ ಆ ಅನುಕೂಲ ಇಲ್ಲ. ಅದಕ್ಕೆ ಸುಲಭ ದಾರಿ ಇದೆ: ಮಾಮೂಲಿ ಎ4 ಹಾಳೆ ಸುಮಾರು 0.1 ಮಿಲಿಮೀಟರ್ ದಪ್ಪ ಇರುತ್ತದೆ, ಅದನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ ಹೋಲ್ಡರ್‌ನ ನಾಲ್ಕು ಮೂಲೆಯ ಕೆಳಗೆ ಒಂದೊಂದಾಗಿ ಇಡುತ್ತಾ ಹೋಗಿ, ಪ್ರತಿ ಸಲವೂ ಅದೇ ಮುಖದ ಅದೇ ಕಣ್ಣನ್ನು ಸ್ಕ್ಯಾನ್ ಮಾಡಿ, ರೆಪ್ಪೆಗೂದಲು ಯಾವ ಎತ್ತರದಲ್ಲಿ ಚೆನ್ನಾಗಿ ಬಿಡಿಬಿಡಿಯಾಗಿ ಕಾಣುತ್ತದೋ ಅಲ್ಲಿ ನಿಲ್ಲಿಸಿ. ಆಗ ಶಾರ್ಪನಿಂಗ್ ಆಫ್ ಇರಬೇಕು, ಇಲ್ಲದಿದ್ದರೆ ಎಲ್ಲವೂ ಚೂಪಾಗಿಯೇ ಕಾಣುತ್ತದೆ. ಹೋಲ್ಡರ್‌ನ ತುದಿಯಲ್ಲಿ ಒಂದು ಖಾಲಿ ಕಿಂಡಿ ಇರುತ್ತದೆ, ಸ್ಕ್ಯಾನರ್ ತನ್ನ ಬೆಳಕನ್ನು ಅಳೆದುಕೊಳ್ಳುವುದು ಅಲ್ಲಿಂದ. ಅದರ ಮೇಲೆ ಹಾಳೆ ಬಂದರೆ ಫೋಟೋ ಉದ್ದಕ್ಕೂ ಗೆರೆ ಬೀಳುತ್ತದೆ.

ಎತ್ತರ ಸರಿಹೋದರೂ ಫಿಲ್ಮ್ ಡೊಂಕಾಗಿದ್ದರೆ ಮಧ್ಯ ಚೂಪು, ಅಂಚು ಮಸುಕು. 120 ಫಿಲ್ಮ್ ಅಗಲ, ಅದಕ್ಕೇ 35 ಎಂಎಂಗಿಂತ ಜಾಸ್ತಿ ಬಾಗುತ್ತದೆ. ವರ್ಷಗಟ್ಟಲೆ ಸುರುಳಿಯಾಗಿದ್ದ ಫಿಲ್ಮ್ ಆದರೆ ಬಟರ್ ಪೇಪರ್ ಕವರ್‌ನಲ್ಲಿ ಹಾಕಿ ದಪ್ಪ ಪುಸ್ತಕಗಳ ಕೆಳಗೆ ಒಂದು ವಾರ ಇಡಿ. ಆಮೇಲೂ ಏಳುತ್ತಿದ್ದರೆ ಮೇಲೊಂದು ತೆಳು ಗಾಜು ಹೇರಬೇಕು. ಇಲ್ಲೊಂದು ತೊಂದರೆ. ಫಿಲ್ಮ್‌ನ ಹೊಳೆಯುವ ಬದಿ ಗಾಜಿಗೆ ತಾಗಿದರೆ ಉಂಗುರ ಉಂಗುರವಾಗಿ ಕಲೆ ಕಾಣುತ್ತದೆ. ಎರಡು ನುಣುಪು ಮೇಲ್ಮೈಗಳ ನಡುವಿನ ಕೂದಲೆಳೆ ಗಾಳಿಯಿಂದ ಹೀಗಾಗುತ್ತದೆ, ಇದಕ್ಕೆ ನ್ಯೂಟನ್ ರಿಂಗ್ ಅನ್ನುತ್ತಾರೆ. ಮಂಕು ಬದಿ, ಅಂದರೆ ಚಿತ್ರ ಹಿಡಿದಿರುವ ಎಮಲ್ಶನ್ ಲೇಪದ ಬದಿ, ಸ್ವಲ್ಪ ತರಿತರಿ. ಅದು ತಾಗಿದರೆ ಸಾಮಾನ್ಯವಾಗಿ ರಿಂಗ್ ಬರುವುದಿಲ್ಲ. ಹೋಲ್ಡರ್‌ನಲ್ಲಿ ಹೊಳೆಯುವ ಬದಿ ಕೆಳಗೆ, ಮಂಕು ಬದಿ ಮೇಲೆ ಇಟ್ಟು ಅದರ ಮೇಲೆ ಮಾಮೂಲಿ ಗಾಜು ಹೇರಿದರೆ ದುಬಾರಿ ಆ್ಯಂಟಿ-ನ್ಯೂಟನ್ ಗಾಜಿಲ್ಲದೆಯೂ ಕೆಲಸ ನಡೆಯುತ್ತದೆ.

ಕೆಲಸಕ್ಕೆ ಕೂರುವಾಗ ಸೀಲಿಂಗ್ ಫ್ಯಾನ್ ಆಫ್ ಮಾಡಿ, ಸೆಕೆಯಾದರೂ ಸರಿ. ಬ್ಲೋವರ್‌ನಿಂದ ಊದಿ, ಬಾಯಿಂದ ಬೇಡ. ಕಲರ್ ನೆಗೆಟಿವ್‌ಗೆ ಡಿಜಿಟಲ್ ಐಸ್ ಹಾಕಬಹುದು, ಅದು ಇನ್ಫ್ರಾರೆಡ್ ಬೆಳಕಲ್ಲಿ ಧೂಳು ಹುಡುಕಿ ಅಳಿಸುತ್ತದೆ. ಕಪ್ಪು-ಬಿಳುಪಿಗೆ ಮಾತ್ರ ಹಾಕಲೇಬೇಡಿ. ಕಪ್ಪು-ಬಿಳುಪು ಚಿತ್ರ ಇರುವುದೇ ಬೆಳ್ಳಿಯ ಕಣಗಳಲ್ಲಿ, ಬೆಳ್ಳಿ ಇನ್ಫ್ರಾರೆಡ್ ಬೆಳಕನ್ನು ತಡೆಯುತ್ತದೆ, ಸಾಫ್ಟ್‌ವೇರ್‌ಗೆ ಅಜ್ಜಿಯ ಮುಖವೇ ಧೂಳಿನ ಹಾಗೆ ಕಾಣುತ್ತದೆ.

ಈಗ ನನಗೆ ಇಷ್ಟವಾದ ಭಾಗ. ಸ್ಟುಡಿಯೋ ನೆಗೆಟಿವ್ ಸಿಕ್ಕರೆ ಒರೆಸುವ ಮೊದಲು ಮಂಕು ಬದಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮುಖದ ಮೇಲೆ, ಅದರಲ್ಲೂ ಕಣ್ಣಿನ ಕೆಳಗೆ, ಕೆನ್ನೆಯ ಮೇಲೆ ಬೂದು ಹೊಳಪಿನ ಸಣ್ಣ ಗೀರುಗಳು ಕಂಡರೆ ಅದು ಕೊಳೆ ಅಲ್ಲ, ರಿಟಚಿಂಗ್. ಚೂಪು ಪೆನ್ಸಿಲ್ ಹಿಡಿದು ನೆಗೆಟಿವ್ ಮೇಲೇ ಮೊಡವೆ, ಸುಕ್ಕು, ಕಣ್ಣಡಿಯ ಕಪ್ಪು ತುಂಬುತ್ತಿದ್ದ ಕೆಲಸ ಅದು. ಸುಮ್ನೆ ಆಲ್ಕೋಹಾಲ್ ಹಾಕಿ ಒರೆಸಿದರೆ ಅಷ್ಟೂ ಹೋಗುತ್ತದೆ. ಸ್ಕ್ಯಾನ್‌ನಲ್ಲಿ ಈ ಗೀರುಗಳು ಪ್ರಿಂಟ್‌ಗಿಂತ ಜಾಸ್ತಿ ಎದ್ದು ಕಾಣಬಹುದು, ಬೇಕಿದ್ದರೆ ಫೈಲ್‌ನ ನಕಲಿನಲ್ಲಿ ತಿದ್ದಿಕೊಳ್ಳಿ, ನೆಗೆಟಿವ್ ಮುಟ್ಟಬೇಡಿ.

ಕೆಲವು ನೆಗೆಟಿವ್‌ಗಳಲ್ಲಿ ಪೆನ್ಸಿಲ್ ಜೊತೆ ಮುಖದ ಮೇಲೆ ತೆಳು ಕೆಂಪು ಬಣ್ಣವೂ ಇರುತ್ತದೆ. ಆ ಬಣ್ಣ ಹೆಚ್ಚಾಗಿ ಕೆಂಪು ಬೆಳಕನ್ನೇ ಬಿಡುತ್ತದೆ, ಕಪ್ಪು-ಬಿಳುಪು ಫೋಟೋ ಪೇಪರ್‌ಗೆ ಕೆಂಪು ಬೆಳಕು ಕಾಣುವುದಿಲ್ಲ, ಹಾಗಾಗಿ ಬಣ್ಣ ಬಳಿದ ಜಾಗ ಪ್ರಿಂಟ್‌ನಲ್ಲಿ ಬೆಳ್ಳಗಾಗುತ್ತದೆ. ಹುಡುಗಿಯ ಫೋಟೋ ವರನ ಮನೆಗೆ ಹೋಗುವ ಮೊದಲು ಏನೇನು ನಡೆಯುತ್ತಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ. ಇಂಥ ಕಪ್ಪು-ಬಿಳುಪು ನೆಗೆಟಿವ್ ಅನ್ನು ನಾನು ಗ್ರೇಸ್ಕೇಲ್‌ನಲ್ಲಿ ಮಾಡುವುದಿಲ್ಲ, ಕಲರ್‌ನಲ್ಲೇ ಸ್ಕ್ಯಾನ್ ಮಾಡಿ ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಬೇರೆ ಬೇರೆ ನೋಡುತ್ತೇನೆ. ಹಸಿರು ಚಾನೆಲ್‌ನಲ್ಲಿ ಸ್ಟುಡಿಯೋದವರು ಕೊಟ್ಟ ಮುಖ. ಕೆಂಪು ಚಾನೆಲ್‌ನಲ್ಲಿ ಬಣ್ಣ ಹೆಚ್ಚುಕಡಿಮೆ ಮಾಯವಾಗಿ, ಪೆನ್ಸಿಲ್ ಗೀರು ಬಿಟ್ಟರೆ, ಅವರ ಸ್ವಂತ ಮುಖ. ಎರಡನ್ನೂ ಮನೆಯವರಿಗೆ ಕೊಡುತ್ತೇನೆ. ಯಾವುದನ್ನು ಗೋಡೆಗೆ ಹಾಕಬೇಕು ಅನ್ನುವುದು ಅವರ ಜಗಳ.

ಸಾಫ್ಟ್‌ವೇರ್ ಯಾವುದಾದರೂ ಆಗುತ್ತದೆ: ಎಪ್ಸನ್ ಸ್ಕ್ಯಾನ್, ವ್ಯೂಸ್ಕ್ಯಾನ್, ಸಿಲ್ವರ್‌ಫಾಸ್ಟ್. ಆಟೋ ಎಕ್ಸ್‌ಪೋಷರ್ ಬಿಡಿ, ಹಿಸ್ಟೋಗ್ರಾಮ್‌ನ (ಕಪ್ಪಿನಿಂದ ಬಿಳಿಯವರೆಗೆ ಯಾವ ಛಾಯೆ ಎಷ್ಟಿದೆ ಅಂತ ತೋರಿಸುವ ನಕ್ಷೆ) ಎರಡೂ ತುದಿಯಲ್ಲಿ ಸ್ವಲ್ಪ ಜಾಗ ಬಿಟ್ಟು ಹಿಡಿಯಿರಿ. ಫೋಟೋ ಸಪ್ಪೆಯಾಗಿ, ಬೂದಿ ಬಣ್ಣಕ್ಕೆ ಕಂಡರೆ ಗಾಬರಿ ಬೇಡ, ಹಾಗೇ ಇರಬೇಕು. ಬಿಳಿ ಪಂಚೆಯ ಮಡಿಕೆ ಸ್ಕ್ಯಾನ್‌ನಲ್ಲೇ ಕಳೆದುಹೋದರೆ ಆಮೇಲೆ ತರಲಾಗದು. ಚಾನೆಲ್‌ಗೆ 16 ಬಿಟ್‌ನ ಟಿಫ್ ಫೈಲ್ ಆಗಿ ಉಳಿಸಿ, ವಾಟ್ಸಾಪ್‌ಗೆ ಬೇಕಾದ ಜೆಪೆಗ್ ಅದರಿಂದ ಮಾಡಿಕೊಳ್ಳಿ. ಫೈಲ್ ಹೆಸರಿಗೆ ಕವರ್ ಮೇಲಿನ ನಂಬರ್ ಹಾಕಿ.

ಮಲೆನಾಡು, ಕರಾವಳಿಯ ಮನೆಗಳಿಂದ ಬರುವ ನೆಗೆಟಿವ್‌ಗಳಲ್ಲಿ ಬೂಷ್ಟು ಸಾಮಾನ್ಯ. ಬೂಷ್ಟು ಹಿಡಿದ ಫಿಲ್ಮ್ ತೊಳೆಯಬೇಡಿ. ಬೂಷ್ಟು ಜೆಲಟಿನ್ ತಿಂದು ಅದನ್ನು ನೀರಲ್ಲಿ ಕರಗುವ ಹಾಗೆ ಮಾಡಿರುತ್ತದೆ, ನೀರು ಬಿದ್ದರೆ ಚಿತ್ರವೇ ಜಾರಿಹೋಗಬಹುದು. ಮೆಡಿಕಲ್ ಶಾಪ್‌ನ 70 ಪರ್ಸೆಂಟ್ ಸ್ಪಿರಿಟ್‌ನಲ್ಲೂ ನೀರಿದೆ. 99 ಪರ್ಸೆಂಟ್ ಐಸೊಪ್ರೊಪೈಲ್ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ, ಪೆನ್ಸಿಲ್ ಕೆಲಸ ಇಲ್ಲ ಅಂತ ಖಾತ್ರಿಯಾದ ಮೇಲೆ ಹತ್ತಿಯಲ್ಲಿ ಅದ್ದಿ ಹಗುರವಾಗಿ ಸವರಿ. ಡಬ್ಬ ತೆರೆದ ಕೂಡಲೇ ವಿನೆಗರ್ ವಾಸನೆ ಹೊಡೆದರೆ ಆ ರೋಲ್‌ಗಳನ್ನು ಎಲ್ಲಕ್ಕಿಂತ ಮೊದಲು ಸ್ಕ್ಯಾನ್ ಮಾಡಿ. ಅಸಿಟೇಟ್ ಬೇಸ್ ಕೆಡುತ್ತಿದೆ, ಅದು ನಿಲ್ಲುವುದಿಲ್ಲ, ಕುಗ್ಗಿ ಸುಕ್ಕಾದ ಮೇಲೆ ಯಾವ ಗಾಜು ಹೇರಿದರೂ ಚಪ್ಪಟೆಯಾಗದು. ಅದರಿಂದ ಏಳುವ ಆವಿ ಪಕ್ಕದ ನೆಗೆಟಿವ್‌ಗಳನ್ನೂ ಕೆಡಿಸುತ್ತದೆ, ಸ್ಕ್ಯಾನ್ ಆದ ಮೇಲೂ ಬೇರೆ ಡಬ್ಬದಲ್ಲಿ, ಪ್ಲಾಸ್ಟಿಕ್ ಬದಲು ಪೇಪರ್ ಕವರ್‌ನಲ್ಲಿ ಇಡಿ.