ಮೂರು ದಾಳ ಉಳಿದಾಗ ನಿಲ್ಲಿಸಬೇಕೋ, ಇನ್ನೊಮ್ಮೆ ಹಾಕಬೇಕೋ?

ಪ್ರಶ್ನೆ: ಮಳೆಗಾಲ ಹಿಡಿಯಿತೆಂದರೆ ಸಂಜೆ ಹೊತ್ತು ಮನೆಮಂದಿಯೆಲ್ಲ ಜಗಲಿಯಲ್ಲಿ ಕೂತು ಆರು ದಾಳ ಹಾಕಿ ಅಂಕ ಕೂಡಿಸುವ ಫಾರ್ಕಲ್ ಆಟ ಆಡುತ್ತೇವೆ. ಮೂರು ದಾಳ ಉಳಿದಾಗ ಪ್ರತಿ ಸಲವೂ ವಾದ. ಅತ್ತೆ ‘ಸಾಕು, ಬರೆಸ್ಕೋ’ ಅಂತಾರೆ. ಮೈದುನ ‘ಹಾಕಿ ಅತ್ತಿಗೆ, ಇನ್ನೊಂದ್ಸಲ ಹಾಕಿ’ ಅಂತಾನೆ. ಲೆಕ್ಕದ ಪ್ರಕಾರ ಯಾರ ಮಾತು ಸರಿ?
(ಓದುಗರೊಬ್ಬರು, ಕೋಡಿಬಾಗ, ಕಾರವಾರ)

ಉತ್ತರ: ಆ ಪಾಳಿಯಲ್ಲಿ ನಿಮ್ಮ ಕೈಯಲ್ಲಿ 250 ಅಂಕದ ತನಕ ಇದ್ದರೆ ಮೈದುನನ ಮಾತು ಕೇಳಿ, ಹಾಕಿ. 400 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅತ್ತೆಯ ಮಾತು ಕೇಳಿ, ಪಾಳಿ ನಿಲ್ಲಿಸಿ ಅಂಕ ಬರೆಸಿಕೊಳ್ಳಿ. 300, 350 ಇದ್ದಾಗ ಎರಡೂ ಹೆಚ್ಚುಕಡಿಮೆ ಸಮ. ಆಗ ಪಟ್ಟಿಯಲ್ಲಿ ನೀವು ಮುಂದಿದ್ದೀರೋ ಹಿಂದಿದ್ದೀರೋ ನೋಡಿ ತೀರ್ಮಾನಿಸಬೇಕು. ಮೂರು ದಾಳ ಉಳಿದಿವೆ ಎನ್ನುವುದೊಂದರಿಂದಲೇ ಉತ್ತರ ಹುಟ್ಟುವುದಿಲ್ಲ, ಕಳೆದುಕೊಳ್ಳಲು ಕೈಯಲ್ಲಿ ಎಷ್ಟಿದೆ ಎಂಬುದೂ ಸೇರಬೇಕು.

ಅಂಕದ ನಿಯಮ ಮನೆಯಿಂದ ಮನೆಗೆ ಸ್ವಲ್ಪ ಬದಲಾಗುತ್ತದೆ. ಇಲ್ಲಿ ಹಿಡಿದಿರುವ ನಿಯಮ ಇದು: ಬಿಡಿ ಒಂದಕ್ಕೆ 100, ಬಿಡಿ ಐದಕ್ಕೆ 50. ಒಂದೇ ಎಸೆತದಲ್ಲಿ ಮೂರು ದಾಳ ಒಂದೇ ಬಗೆ ಬಿದ್ದರೆ ಆ ಸಂಖ್ಯೆಯ ನೂರು ಪಟ್ಟು, ಅಂದರೆ ಮೂರು ಎರಡಕ್ಕೆ 200, ಮೂರು ಆರಕ್ಕೆ 600. ಮೂರು ಒಂದಕ್ಕೆ ಮಾತ್ರ 1,000. ನಾಲ್ಕು ಒಂದೇ ಬಗೆಗೆ 1,000, ಐದಕ್ಕೆ 2,000, ಆರಕ್ಕೆ 3,000. ಒಂದರಿಂದ ಆರರವರೆಗೆ ಸಾಲಾಗಿ ಬಂದರೆ 1,500, ಮೂರು ಜೋಡಿಗೂ 1,500. ಪ್ರತಿ ಎಸೆತದಲ್ಲಿ ಅಂಕ ಕೊಡುವ ಒಂದಾದರೂ ದಾಳವನ್ನು ಬದಿಗಿಡಬೇಕು, ಉಳಿದವನ್ನು ಮತ್ತೆ ಹಾಕಬಹುದು. ಅಂಕದ ದಾಳ ಒಂದೂ ಬೀಳದಿದ್ದರೆ ಆ ಪಾಳಿಯಲ್ಲಿ ಕೂಡಿಸಿದ್ದೆಲ್ಲ ಸೊನ್ನೆ. ಮೊದಲು 10,000 ಮುಟ್ಟಿದವರ ನಂತರ ಉಳಿದವರಿಗೆ ತಲಾ ಒಂದು ಪಾಳಿ.

ಬಹಳ ಮನೆಗಳಲ್ಲಿ ತಪ್ಪುವುದು ಎರಡು ಕಡೆ. ಮೊದಲ ಎಸೆತದಲ್ಲಿ ಒಂದು ‘ಒಂದು’ ಬದಿಗಿಟ್ಟು, ಮುಂದಿನ ಎಸೆತದಲ್ಲಿ ಇನ್ನೆರಡು ‘ಒಂದು’ ಬಿದ್ದರೆ ಅದು 1,000 ಅಲ್ಲ, 300 ಮಾತ್ರ. ಮೂರೂ ಒಂದೇ ಎಸೆತದಲ್ಲಿ ಬೀಳಬೇಕು. ಇನ್ನೊಂದು, ಆರೂ ದಾಳ ಅಂಕ ಕೊಟ್ಟಾಗ ಮತ್ತೆ ಆರನ್ನೂ ಹಾಕುವ ಹಕ್ಕು ಸಿಗುತ್ತದೆ ನಿಜ, ಆದರೆ ಅಲ್ಲಿಯವರೆಗಿನ ಅಂಕ ಬರೆಸಿದಂತಾಗುವುದಿಲ್ಲ. ಮುಂದಿನ ಎಸೆತ ಸೊನ್ನೆಯಾದರೆ ಅದೂ ಹೋಗುತ್ತದೆ.

ಈಗ ಮೂರು ದಾಳದ ಲೆಕ್ಕ. ಮೂರು ದಾಳ ಬೀಳುವ ಬಗೆಗಳು 6×6×6, ಅಂದರೆ 216. ಒಂದೂ ಐದೂ ಬಾರದೆ ಎರಡು, ಮೂರು, ನಾಲ್ಕು, ಆರು ಮಾತ್ರ ಬೀಳುವ ಬಗೆಗಳು 4×4×4, ಅಂದರೆ 64. ಇವುಗಳಲ್ಲಿ ಮೂರೂ ಒಂದೇ ಬಗೆಯಾಗುವ ನಾಲ್ಕಕ್ಕೆ ಅಂಕ ಉಂಟು. ಉಳಿದ 60 ಸೊನ್ನೆ. 216ರಲ್ಲಿ 60 ಎಂದರೆ ನೂರಕ್ಕೆ ಸುಮಾರು 28. ಇತ್ತ, ಆ ಎಸೆತ ತರುವ ಅಂಕದ ಸರಾಸರಿ, ಸೊನ್ನೆಗಳನ್ನೂ ಸೇರಿಸಿ ತೆಗೆದರೆ, ಸುಮಾರು 87. ಕೈಯಲ್ಲಿರುವುದರ ನೂರಕ್ಕೆ 28 ಪಾಲು ಕಳೆದುಕೊಳ್ಳುವ ಭಯ ಈ 87ಕ್ಕೆ ಸರಿಸಮ ಆಗುವುದು ಕೈಯಲ್ಲಿ 312 ಇರುವಾಗ. ಮೂರೂ ದಾಳ ಅಂಕ ಕೊಟ್ಟು ಮತ್ತೆ ಆರು ದಾಳ ಸಿಗುವ ಸಾಧ್ಯತೆ 18ರಲ್ಲಿ ಒಂದು. ಆ ಲಾಭವನ್ನೂ ಸೇರಿಸಿದರೆ ಗೆರೆ 400ರ ಹತ್ತಿರಕ್ಕೆ ಸರಿಯುತ್ತದೆ. ಮೂರು ಒಂದಕ್ಕೆ 300 ಮಾತ್ರ ಕೊಡುವ ಮನೆಯಲ್ಲೂ ಈ 312 ಇಳಿದು 301 ಆಗುತ್ತದೆ ಅಷ್ಟೆ, ಸಲಹೆ ಬದಲಾಗುವುದಿಲ್ಲ.

ಮೈದುನನಿಗೆ ಒಂದು ಮಾತು ಹೇಳಲೇಬೇಕು. ‘ಇನ್ನೊಂದ್ಸಲ’ ಎಂಬುದು ಒಂದೇ ಸಲಕ್ಕೆ ನಿಲ್ಲುವುದು ಕಡಿಮೆ. ಮೂರು ಹಾಕಿ ಒಂದು ಎತ್ತಿಟ್ಟು, ಎರಡು ಹಾಕಿ ಒಂದು ಎತ್ತಿಟ್ಟು, ಕೊನೆಯ ಒಂದನ್ನೂ ಹಾಕಿ ಸೊನ್ನೆಯಾಗದೆ ಹೊರಬರುವುದು ನೂರಕ್ಕೆ 13 ಸಲ ಮಾತ್ರ.

ಉಳಿದ ಸಂದರ್ಭಗಳು ಹೀಗೆ. ಐದು ದಾಳ ಹಾಕಿದರೆ ಸೊನ್ನೆಯಾಗುವುದು ನೂರಕ್ಕೆ 8ಕ್ಕೂ ಕಡಿಮೆ. ಕೈಯಲ್ಲಿ 2,900ರ ತನಕ ಇದ್ದರೂ ಹಾಕುವುದೇ ಲಾಭ. ನಾಲ್ಕು ದಾಳಕ್ಕೆ ಸೊನ್ನೆ ನೂರಕ್ಕೆ 16, ನಿಲ್ಲಿಸುವ ಗೆರೆ 900ರಿಂದ 1,000. ಎರಡು ದಾಳಕ್ಕೆ ನೂರಕ್ಕೆ 44, ಒಂದು ದಾಳಕ್ಕೆ 67. ಈ ಎರಡಕ್ಕೂ ಗೆರೆ ಸುಮಾರು 250. ಒಂದೇ ದಾಳದಲ್ಲಿ ಅಪಾಯ ಅಷ್ಟು ಹೆಚ್ಚಿದ್ದೂ ಗೆರೆ ಯಾಕೆ ಕೆಳಗಿಳಿಯುವುದಿಲ್ಲವೆಂದರೆ, ಅದು ಬಿದ್ದರೆ ತಪ್ಪದೆ ಆರು ದಾಳ ಮರಳಿ ಕೈಗೆ ಬರುತ್ತವೆ. ಆರು ದಾಳ ಹಾಕಿದರೆ ಸೊನ್ನೆಯಾಗುವುದು ನೂರಕ್ಕೆ 2.3 ಮಾತ್ರ (ಮೂರು ಜೋಡಿಗೆ ಅಂಕ ಇಲ್ಲದ ಮನೆಯಲ್ಲಿ 3.1). ಅಂಥ ಹೊತ್ತಲ್ಲಿ ಹೆದರಿ ನಿಲ್ಲಿಸುವುದು ದೊಡ್ಡ ನಷ್ಟ.

ನಿಲ್ಲಿಸುವುದಕ್ಕಿಂತಲೂ ಹೆಚ್ಚು ಅಂಕ ಸೋರುವುದು ಎತ್ತಿಡುವಾಗ. ಅಂಕ ಕೊಡುವ ದಾಳ ಕಂಡ ಕೂಡಲೇ ಎಲ್ಲವನ್ನೂ ಬಾಚಿಕೊಳ್ಳುವ ಅಭ್ಯಾಸ ಹಲವರಿಗೆ. ಮೊದಲ ಎಸೆತದಲ್ಲಿ 1, 5, 3, 4, 6, 6 ಬಿತ್ತೆನ್ನಿ. ಒಂದು, ಐದು ಎರಡನ್ನೂ ಇಟ್ಟು ನಾಲ್ಕು ದಾಳ ಹಾಕಿದರೆ ಆ ಎಸೆತದ ಕೊನೆಗೆ ಸರಾಸರಿ 270 ಅಂಕ. ‘ಒಂದು’ ಮಾತ್ರ ಇಟ್ಟು, ಐದನ್ನು ಬಿಟ್ಟು, ಐದು ದಾಳ ಹಾಕಿದರೆ ಸರಾಸರಿ 318. ಐವತ್ತು ಅಂಕಕ್ಕಿಂತ ಒಂದು ದಾಳ ಹೆಚ್ಚು ಬೆಲೆಯದ್ದು. ಎರಡು ‘ಐದು’ ಮಾತ್ರ ಬಿದ್ದಾಗಲೂ ಹೀಗೆಯೇ: ಒಂದನ್ನೇ ಇಟ್ಟರೆ 272, ಎರಡನ್ನೂ ಇಟ್ಟರೆ 228.

ಮೂರು ‘ಎರಡು’ ನೋಡಲು ಚೆಂದ, ಆದರೆ ದುರ್ಬಲ. ಮೊದಲ ಎಸೆತಕ್ಕೆ 1, 2, 2, 2, 4, 6 ಬಿದ್ದರೆ ಎಲ್ಲವನ್ನೂ ಎತ್ತಿ 300 ಬರೆಸಬಹುದು. ಅದೇ ‘ಒಂದು’ ಮಾತ್ರ ಇಟ್ಟು ಐದು ದಾಳ ಹಾಕಿದರೆ ಮತ್ತದೇ 318. ಅಂತರ ಚಿಕ್ಕದು, ಆದರೂ ಬಿಡುವುದೇ ಮೇಲು. ಖಾತೆ ತೆರೆಯಲು, ಅಂದರೆ ಮೊದಲ ಸಲ ಅಂಕ ಬರೆಸಲು, 500 ಬೇಕೆಂಬ ನಿಯಮ ಇದ್ದರೆ ಇನ್ನೂ ಮೇಲು, ಯಾಕೆಂದರೆ ಆಗ 300ಕ್ಕೆ ನಿಲ್ಲಿಸುವ ದಾರಿಯೇ ಇಲ್ಲ, ಎರಡೇ ದಾಳ ಹಿಡಿದು ಇನ್ನೂ 200 ಹುಡುಕಬೇಕು. ಎರಡು ಕಡೆ ಮಾತ್ರ ಏನನ್ನೂ ಬಿಡಬೇಡಿ: ಪಾಳಿ ನಿಲ್ಲಿಸುವುದೆಂದು ನಿಶ್ಚಯಿಸಿದಾಗ, ಮತ್ತು ಎಲ್ಲವನ್ನೂ ಎತ್ತಿದರೆ ಆರು ದಾಳ ಮರಳಿ ಸಿಗುವಾಗ.

ಸಾಮಾನಿನ ಬಗ್ಗೆ ಎರಡು ಮಾತು. ಆರು ಮುಖದ ಲೂಡೋ ದಾಳ ಸಾಕು. ಪಗಡೆಯ ಉದ್ದ ದಾಳಕ್ಕೆ ನಾಲ್ಕೇ ಮುಖ, ಚೌಕಾಬಾರದ ಕವಡೆಯಲ್ಲಿ ಮೇಲು-ಕೆಳಗೆ ಸಮವಾಗಿ ಬೀಳುವುದಿಲ್ಲ. ಅವೆರಡಕ್ಕೂ ಈ ಲೆಕ್ಕ ಹೊಂದದು. ಗರಟೆಯಲ್ಲಿ ಕುಲುಕಿ ಅಡಿಕೆ ಹಾಳೆಯ ದೊಡ್ಡ ತಟ್ಟೆಗೆ ಸುರಿದರೆ ದಾಳ ಜಗಲಿಯಿಂದ ಅಂಗಳಕ್ಕೆ ಉರುಳುವುದಿಲ್ಲ. ತಟ್ಟೆಯ ಅಂಚಿಗೆ ಓರೆಯಾಗಿ ನಿಂತ ದಾಳವನ್ನು ಮಾತ್ರ ಮತ್ತೆ ಹಾಕುವುದೆಂದು ಮೊದಲೇ ಮಾತಾಡಿಕೊಳ್ಳಿ. ಪಾಳಿಯ ಅಂಕ ಮರೆಯದಿರಲು ಹುಣಸೆಬೀಜಕ್ಕೆ 50, ಅಡಿಕೆಗೆ 500 ಎಂದು ಮುಂದಿಟ್ಟುಕೊಳ್ಳಬಹುದು. ದಾಳದ ಮೇಲೆ ಸಂಶಯ ಬಂದರೆ ಅದೊಂದನ್ನೇ 120 ಸಲ ಹಾಕಿ ಬರೆದುಕೊಳ್ಳಿ. ಪ್ರತಿ ಮುಖ 20 ಸಲದ ಆಸುಪಾಸು ಬರಬೇಕು. ಯಾವುದಾದರೂ ಮುಖ 12ಕ್ಕಿಂತ ಕಡಿಮೆ ಅಥವಾ 28ಕ್ಕಿಂತ ಹೆಚ್ಚು ಬಂದರೆ ಆ ದಾಳ ಬದಲಿಸಿ.

ಕೊನೆಯ ಸುತ್ತಿನಲ್ಲಿ ಮೇಲಿನ ಗೆರೆಗಳನ್ನೆಲ್ಲ ಬದಿಗಿಡಬೇಕು. ಯಾರೋ 10,300 ಬರೆಸಿದ್ದಾರೆ, ನಿಮ್ಮದು 9,500 ಎಂದಾದರೆ ನಿಮಗೆ 850 ಬೇಕು. 800 ಕೂಡಿಸಿ ನಿಲ್ಲಿಸಿದರೂ ಸೊನ್ನೆ ತೆಗೆದುಕೊಂಡರೂ ಗೆಲುವು ಸಿಗದು, ಆದ್ದರಿಂದ ಒಂದೇ ದಾಳ ಉಳಿದಿದ್ದರೂ ಹಾಕಿ. ಮೊದಲು 10,000 ಮುಟ್ಟುವವರು ಕೂಡ ಗಡಿ ಮುಟ್ಟಿದ ಕೂಡಲೇ ನಿಲ್ಲಿಸಬಾರದು. ಎದುರಿನವರು 9,800ರಲ್ಲಿ ಕೂತಿರುವಾಗ ಸರಿಯಾಗಿ 10,000ಕ್ಕೆ ಬರೆಸಿದರೆ ಅವರಿಗೆ ಬೇಕಾದದ್ದು 250 ಮಾತ್ರ, ಅಷ್ಟು ಬಹಳ ಸಲ ಸಿಕ್ಕೇ ಸಿಗುತ್ತದೆ. ನಾಲ್ಕೋ ಐದೋ ದಾಳ ಉಳಿದಿದ್ದರೆ ಇನ್ನೊಂದೆರಡು ಸಲ ಹಾಕಿ ಅಂತರ ಹಿಗ್ಗಿಸಿಕೊಂಡು ಆಮೇಲೆ ಬರೆಸಿ. ಎಲ್ಲರೂ 7,000ದ ಕೆಳಗಿದ್ದರೆ ಅಷ್ಟು ಸಾಹಸ ಬೇಡ, ಅಲ್ಲೇ ಬರೆಸಿಕೊಳ್ಳಿ.