ತಂಗುದಾಣ ಹತ್ತಿರದಲ್ಲೇ ಇದ್ದರೂ ಕುಟುಂಬಗಳು ಫುಟ್‌ಪಾತ್‌ನಲ್ಲೇ ಯಾಕೆ ಮಲಗುತ್ತವೆ?

ಪ್ರಶ್ನೆ: ಬೆಂಗಳೂರಿನಲ್ಲಿ ಪಾಲಿಕೆಯ ರಾತ್ರಿ ತಂಗುದಾಣಗಳಿವೆ. ಆದರೂ ಫ್ಲೈಓವರ್ ಕೆಳಗೆ ಮಕ್ಕಳ ಸಮೇತ ಮಲಗುವವರು ಕಾಣುತ್ತಾರೆ. ಅವರು ಅಲ್ಲಿಗೆ ಯಾಕೆ ಹೋಗುವುದಿಲ್ಲ? ಪಾಲಿಕೆ ಏನು ಮಾಡಬಹುದು?

ಉತ್ತರ: ತಂಗುದಾಣ ಅಂದರೆ ಸಾಮಾನ್ಯವಾಗಿ ಒಂದು ಹಾಲ್, ಸಾಲು ಹಾಸಿಗೆ. ಗಂಡಸರದ್ದು ಬೇರೆ, ಹೆಂಗಸರದ್ದು ಬೇರೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಜತೆಗೊಬ್ಬ ಅಜ್ಜಿ ಬಂದರೆ ಯಾರು ಎಲ್ಲಿ ಮಲಗಬೇಕು? ದೊಡ್ಡವನಾಗುತ್ತಿರುವ ಮಗನನ್ನು ಗುರುತಿಲ್ಲದ ಗಂಡಸರ ನಡುವೆ ಬಿಡಲು ತಾಯಿಗೆ ಮನಸ್ಸಾಗುವುದಿಲ್ಲ. ಪಾತ್ರೆ, ಸ್ಟೌ, ತಳ್ಳುಗಾಡಿ ಇಡಲು ಜಾಗವಿಲ್ಲ. ಫುಟ್‌ಪಾತ್‌ನಲ್ಲಾದರೆ ಎಲ್ಲರೂ ಒಟ್ಟಿಗೆ ಇರಬಹುದು, ಅಲ್ವಾ?

ನಿಯಮಗಳಲ್ಲಿ ಕುಟುಂಬ ಇಲ್ಲ ಅಂತೇನಲ್ಲ. 5 ಲಕ್ಷಕ್ಕಿಂತ ಜಾಸ್ತಿ ಜನರಿರುವ ನಗರಗಳಲ್ಲಿ ತಂಗುದಾಣ ಇರಲೇಬೇಕು ಎಂದು 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿತು. 2013ರಲ್ಲಿ ಬಂದ ಕೇಂದ್ರದ ನಗರ ಜೀವನೋಪಾಯ ಯೋಜನೆ ಇನ್ನೂ ವಿವರವಾಗಿ ಹೇಳಿತು: ಪ್ರತಿ 1 ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಮಂದಿಗೆ ಜಾಗ, ತಲೆಗೆ 50 ಚದರಡಿ, ಜತೆಗೆ ಕುಟುಂಬಗಳಿಗೇ ಬೇರೆ ತಂಗುದಾಣ. 2011ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 84 ಲಕ್ಷ. ಅಂದರೆ 8,400 ಮಂದಿಗೆ ಜಾಗ ಬೇಕಿತ್ತು. ತಮಾಷೆ ಏನೆಂದರೆ, ಇದೇ ಲೆಕ್ಕದಲ್ಲಿ ಐದು ಜನರ ಕುಟುಂಬಕ್ಕೆ 250 ಚದರಡಿ ಸಿಗುತ್ತದೆ. ಅಷ್ಟರಲ್ಲಿ ಬಾಗಿಲು, ಚಿಲಕ ಇರುವ ಒಂದು ಒಳ್ಳೆಯ ಕೋಣೆಯೇ ಆಗುತ್ತದೆ. ನಮ್ಮ ಕಚೇರಿಗಳು ಅದನ್ನು ಐದು ಹಾಸಿಗೆ ಎಂದು ಎಣಿಸುತ್ತವೆ.

ಇನ್ನೊಂದು ಕಾರಣ ಕೆಲಸ. ಕೆ.ಆರ್. ಮಾರುಕಟ್ಟೆಯಲ್ಲಿ ನಸುಕಿಗೇ ಲೋಡ್ ಇಳಿಸುವವರು ದೂರದ ತಂಗುದಾಣಕ್ಕೆ ಹೋಗಿ ಏನು ಮಾಡಬೇಕು? ಜನ ಹೊಟ್ಟೆಪಾಡಿಗಾಗಿ ಫುಟ್‌ಪಾತ್‌ನಲ್ಲಿರುತ್ತಾರೆ, ಅಲ್ಲಿಂದ ಎಬ್ಬಿಸಿದರೆ ಅನ್ನವನ್ನೇ ಕಿತ್ತ ಹಾಗೆ ಎಂಬ ಮಾತನ್ನು ಸುಪ್ರೀಂ ಕೋರ್ಟ್ 1985ರಲ್ಲೇ, ಮುಂಬೈ ಪ್ರಕರಣವೊಂದರಲ್ಲಿ, ಒಪ್ಪಿಕೊಂಡಿದೆ. ಭಯವೂ ಇದೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದುಕೊಂಡು ಹೋಗುತ್ತಾರೇನೋ ಎಂದು ಸರ್ಕಾರಿ ಜೀಪು ಕಂಡರೇ ಮೂಟೆ ಕಟ್ಟುವವರಿದ್ದಾರೆ.

ಆದರೆ ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಬೇರೆ: ಈ ಕುಟುಂಬಗಳು ಬೀದಿಗೆ ಬಿದ್ದಿದ್ದು ಹೇಗೆ? ಬೆಂಗಳೂರಿನದೇ ಈಜಿಪುರ ನೋಡಿ. ಬಡವರಿಗೆಂದು ಪಾಲಿಕೆಯೇ ಕೊಟ್ಟ ಕ್ವಾರ್ಟರ್ಸ್ ಅಲ್ಲಿತ್ತು. 2007ರಲ್ಲಿ ಒಂದು ಭಾಗ ಕುಸಿಯಿತು. ಉಳಿದವು ಶಿಥಿಲವಾದವು. ಕೊನೆಗೆ 2013ರ ಜನವರಿಯಲ್ಲಿ ಬುಲ್ಡೋಜರ್ ಬಂತು. ಹಲವು ಕುಟುಂಬಗಳು ಅದೇ ಜಾಗದ ಪಕ್ಕದ ಫುಟ್‌ಪಾತ್‌ಗೆ ಬಂದವು. ಹಾಳು ಮನೆ ಮತ್ತು ಬೀದಿ, ಎರಡೂ ಒಂದೇ ಸಮಸ್ಯೆ. ಜನಗಣತಿ ಮಾತ್ರ ಎರಡನ್ನೂ ಬೇರೆ ಮಾಡುತ್ತದೆ. ತಲೆ ಮೇಲೆ ಸೋರುವ ಶೀಟ್ ಇದ್ದರೂ ಅದು ಮನೆ. 2011ರಲ್ಲಿ ದೇಶದಲ್ಲಿ ಎಣಿಸಿದ ಸುಮಾರು 17.7 ಲಕ್ಷ ವಸತಿರಹಿತರಲ್ಲಿ ಇಂಥ ಶೆಡ್‌ನವರು ಸೇರಿಲ್ಲ.

ಹಾಗಾಗಿ ಪಾಲಿಕೆಯ ಕೆಲಸ ತಂಗುದಾಣದಿಂದ ಶುರುವಾಗಬಾರದು. ಬೀಳುವ ಮನೆಗಳ ಪಟ್ಟಿ ವಾರ್ಡ್‌ವಾರು ಇರಬೇಕು. ಮಳೆಗಾಲಕ್ಕೆ ಮುಂಚೆ ರಿಪೇರಿ ಆಗಬೇಕು. ಬೇರೆ ಜಾಗ ತೋರಿಸದೆ ಯಾರನ್ನೂ ಎಬ್ಬಿಸಬಾರದು. ರಾತ್ರಿ ಸಮೀಕ್ಷೆಯಲ್ಲಿ ತಲೆ ಎಣಿಸುವ ಬದಲು ಕುಟುಂಬ ಎಣಿಸಬೇಕು.

ಆಮೇಲೆ ಬಾಡಿಗೆ. ಬೆಂಗಳೂರಿನಲ್ಲಿ ವಠಾರದ ಒಂದು ಕೋಣೆಗೂ ಅಡ್ವಾನ್ಸ್ ಕೇಳುತ್ತಾರೆ. ದಿನಗೂಲಿ ಕುಟುಂಬ ತಿಂಗಳ ಬಾಡಿಗೆ ಹೇಗೋ ಹೊಂದಿಸೀತು, ಒಂದೇ ಸಲ ಅಷ್ಟು ದುಡ್ಡು ಎಲ್ಲಿಂದ ತರಬೇಕು? ಆ ಅಡ್ವಾನ್ಸನ್ನು ಪಾಲಿಕೆ ಮನೆ ಮಾಲೀಕರ ಹತ್ತಿರ ಇಟ್ಟರೆ, ಮನೆ ಬಿಟ್ಟಾಗ ಅದು ವಾಪಸ್ ಬರುತ್ತದೆ. ಖರ್ಚು ಅಂತ ಆಗುವುದು ಕಡಿಮೆ. ಸ್ವಂತ ಮನೆಯ ಯೋಜನೆಗಳನ್ನೇ ಕಾಯುತ್ತಾ ಕೂತರೆ ಆಗದು. ಪ್ರಧಾನಮಂತ್ರಿ ಆವಾಸ್‌ನಲ್ಲಿ ತಾನೇ ಮನೆ ಕಟ್ಟಿಕೊಳ್ಳಲು ನೆರವು ಬೇಕೆಂದರೆ ಮೊದಲು ಜಾಗ ಇರಬೇಕು. ಫುಟ್‌ಪಾತ್‌ನವರ ಹತ್ತಿರ ಜಾಗ ಎಲ್ಲಿದೆ?

ದುಡ್ಡಿಲ್ಲ ಎನ್ನುವ ಉತ್ತರ ಬರುತ್ತದೆ. ಬಡವರಿಗೆಂದೇ ಶೇ 7.25 ಎತ್ತಿಡುವ ಪದ್ಧತಿ ನಮ್ಮ ಪಾಲಿಕೆಗಳ ಬಜೆಟ್‌ನಲ್ಲಿದೆ. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿಗೆ ಒಂದಲ್ಲ, ಐದು ಪಾಲಿಕೆಗಳು. ನಿಮ್ಮ ಪಾಲಿಕೆಯಲ್ಲಿ ಆ ದುಡ್ಡು ಯಾವುದಕ್ಕೆ ಹೋಯಿತು, ಕುಟುಂಬಕ್ಕೆ ಬಾಗಿಲಿರುವ ಕೋಣೆ ಎಷ್ಟಿವೆ, ಈ ಎರಡನ್ನೂ ಮಾಹಿತಿ ಹಕ್ಕಿನಡಿ ಒಂದೊಂದಕ್ಕೆ ಒಂದೊಂದು ಅರ್ಜಿ ಹಾಕಿ ಕೇಳಬಹುದು.