ಪೇಲೋಡ್ ಮತ್ತು ಪಿನ್ ತೂಕ: ಪಿಕಪ್‌ಗೆ ತಕ್ಕ ಫಿಫ್ತ್ ವೀಲ್ ಟ್ರೈಲರ್

ಅಮೆರಿಕದಲ್ಲಿ ಪಿಕಪ್ ಟ್ರಕ್ಕಿನ ಜಾಹೀರಾತು ನೋಡಿ, ಶೋರೂಮಿನಲ್ಲಿ ಮಾರುವವರ ಮಾತು ಕೇಳಿ, ಮೊದಲು ಕಿವಿಗೆ ಬೀಳುವುದು ಅದು ಎಷ್ಟು ಭಾರ ಎಳೆಯುತ್ತದೆ ಎಂಬ ಲೆಕ್ಕ. 15,000 ಪೌಂಡ್, 20,000 ಪೌಂಡ್. ದೊಡ್ಡ ಡೀಸೆಲ್ ಟ್ರಕ್ಕುಗಳಲ್ಲಿ 35,000 ಪೌಂಡನ್ನೂ ದಾಟಿದ ಸಂಖ್ಯೆಗಳಿವೆ. ಇದಕ್ಕೆ ಟೋ ರೇಟಿಂಗ್ ಎನ್ನುತ್ತಾರೆ. ಆದರೆ ಫಿಫ್ತ್ ವೀಲ್ ಟ್ರೈಲರ್, ಅಂದರೆ ಪಿಕಪ್ ಹಿಂದೆ ಎಳೆದೊಯ್ಯುವ ಚಕ್ರದ ಮೇಲಿನ ಮನೆಯಂಥದ್ದನ್ನು, ಕೊಳ್ಳಲು ಹೊರಟವರ ಕೈಕಟ್ಟುವುದು ಹೆಚ್ಚಾಗಿ ಈ ಸಂಖ್ಯೆಯಲ್ಲ. ಅದಕ್ಕಿಂತ ಬಹಳ ಮೊದಲೇ ಮುಗಿದುಹೋಗುವ ಇನ್ನೊಂದು ಮಿತಿಯಿದೆ, ಪೇಲೋಡ್.

ಪೇಲೋಡ್ ಎಂದರೆ ಟ್ರಕ್ಕು ತನ್ನ ಮೈಮೇಲೆ ಹೊರಬಹುದಾದ ತೂಕ. ಎಳೆಯುವುದು ಬೇರೆ, ಹೊರುವುದು ಬೇರೆ. ತಯಾರಕರು ಪ್ರತಿ ವಾಹನಕ್ಕೂ ಒಂದು ಗರಿಷ್ಠ ಒಟ್ಟು ತೂಕ ನಿಗದಿ ಮಾಡಿರುತ್ತಾರೆ. ಅದರ ಹೆಸರು ಜಿವಿಡಬ್ಲ್ಯುಆರ್. ಅದರಿಂದ, ಇಂಧನದ ಟ್ಯಾಂಕು ತುಂಬಿರುವ ಖಾಲಿ ಟ್ರಕ್ಕಿನ ತೂಕ ಕಳೆದರೆ ಉಳಿಯುವುದೇ ಪೇಲೋಡ್. ನಮ್ಮ ಲಾರಿಗಳ ಪಕ್ಕದಲ್ಲಿ ಯುಎಲ್‌ಡಬ್ಲ್ಯು, ಆರ್‌ಎಲ್‌ಡಬ್ಲ್ಯು ಎಂದು ಎರಡು ತೂಕ ಬರೆದಿರುತ್ತಾರಲ್ಲ, ಮೊದಲನೆಯದು ಖಾಲಿ ಲಾರಿಯದು, ಎರಡನೆಯದು ಲೋಡ್ ಆದಾಗ ಮೀರಬಾರದ ಒಟ್ಟು ತೂಕ. ಅವೆರಡರ ನಡುವಿನ ಅಂತರ ಆ ಲಾರಿಯ ಪೇಲೋಡ್. ಡ್ರೈವರು, ಕ್ಲೀನರು, ಮಾಲು, ಹಗ್ಗ, ಟಾರ್ಪಾಲು ಎಲ್ಲವೂ ಅದರೊಳಗೇ ಬರಬೇಕು.

ಟ್ರೈಲರಿಗೆ ತನ್ನದೇ ಚಕ್ರಗಳಿರುವಾಗ ಅದರ ಭಾರ ಟ್ರಕ್ಕಿಗೇಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಟ್ರೈಲರಿನ ಚಕ್ರಗಳು ಅದರ ಭಾರವನ್ನು ಪೂರ್ತಿ ಹೊರುವುದಿಲ್ಲ. ಮುಂಭಾಗದ ಒಂದು ಪಾಲು ಯಾವಾಗಲೂ ಎಳೆಯುವ ವಾಹನದ ಮೇಲೆ ಬಿದ್ದಿರುತ್ತದೆ. ಬಂಪರಿನ ಹಿಂದೆ ಬಾಲ್ ಹಿಚ್ ಎಂಬ ಗುಂಡು ತಲೆಯ ಕೊಂಡಿಗೆ ಸಿಕ್ಕಿಸುವ ಸಾಮಾನ್ಯ ಟ್ರೈಲರಿನಲ್ಲಿ ಈ ಪಾಲು ಶೇ 10ರಿಂದ 15. ಫಿಫ್ತ್ ವೀಲ್ ಟ್ರೈಲರಿನ ರಚನೆ ಬೇರೆ. ಇಲ್ಲಿ ಹಿಚ್ ಕೂರುವುದು ಪಿಕಪ್‌ನ ಬೆಡ್ಡಿನೊಳಗೆ, ಅಂದರೆ ಹಿಂಭಾಗದ ಸಾಮಾನು ತುಂಬುವ ತೊಟ್ಟಿಯೊಳಗೆ, ಹಿಂದಿನ ಆಕ್ಸಲ್‌ನ ನೇರ ಮೇಲೆ ಅಥವಾ ಸ್ವಲ್ಪ ಮುಂದೆ. ಟ್ರೈಲರಿನ ಮುಂಚಾಚಿದ ಮೂಗಿನ ಕೆಳಗೆ ಕಿಂಗ್‌ಪಿನ್ ಎಂಬ ಉಕ್ಕಿನ ಗೂಟವಿರುತ್ತದೆ. ಟ್ರಕ್ಕನ್ನು ಹಿಂದಕ್ಕೆ ತಂದಾಗ ಹಿಚ್ಚಿನ ದವಡೆ ಆ ಗೂಟವನ್ನು ಕಚ್ಚಿಕೊಳ್ಳುತ್ತದೆ. ಹೆದ್ದಾರಿಯಲ್ಲಿ ಕಂಟೇನರ್ ಎಳೆಯುವ ಟ್ರೈಲರ್ ಲಾರಿಗಳದೂ ಇದೇ ಜೋಡಣೆ. ಹೆಸರು ಕುದುರೆಗಾಡಿಗಳ ಕಾಲದಿಂದ ಬಂದದ್ದು. ಮುಂದಿನ ಅಚ್ಚು ತಿರುಗಲೆಂದು ಅಡ್ಡ ಮಲಗಿಸಿದ್ದ ದುಂಡು ತಟ್ಟೆಯನ್ನು ಹಾಗೆ ಕರೆಯುತ್ತಿದ್ದರು.

ಆ ಗೂಟದ ಮೂಲಕ ಟ್ರಕ್ಕಿನ ಮೇಲೆ ಇಳಿಯುವ ಭಾರವೇ ಪಿನ್ ತೂಕ. ಟ್ರೈಲರಿನ ಒಟ್ಟು ತೂಕದ ಶೇ 15ರಿಂದ 25ರಷ್ಟು ಇರುತ್ತದೆ, ಪ್ರಯಾಣಕ್ಕೆ ಸಾಮಾನು ತುಂಬಿದ ಮೇಲೆ ಬಹಳಷ್ಟು ಟ್ರೈಲರುಗಳಲ್ಲಿ ಶೇ 20 ದಾಟುತ್ತದೆ. ಫಿಫ್ತ್ ವೀಲ್ ಅಷ್ಟು ಸ್ಥಿರವಾಗಿ ಓಡುವುದಕ್ಕೆ, ಅಡ್ಡಗಾಳಿಗೆ ಅಷ್ಟಾಗಿ ಓಲಾಡದಿರುವುದಕ್ಕೆ ಕಾರಣ ಈ ಭಾರ ಆಕ್ಸಲ್ ಮೇಲೆಯೇ ಕೂರುವುದು. ಹಾಗಾಗಿ ಪಿನ್ ತೂಕವನ್ನು ಬೇಡದ ಹೊರೆ ಎಂದು ನೋಡಬಾರದು. ಅದು ಇರಲೇಬೇಕು, ಟ್ರಕ್ಕಿಗೆ ಅದನ್ನು ಹೊರುವ ಯೋಗ್ಯತೆಯೂ ಇರಬೇಕು.

ಒಂದು ಲೆಕ್ಕ ಹಾಕಿ ನೋಡೋಣ. ಒಂದು ಪಿಕಪ್‌ನ ಪೇಲೋಡ್ 2,150 ಪೌಂಡ್, ಅಂದರೆ ಸುಮಾರು 975 ಕಿಲೋ ಎಂದಿಟ್ಟುಕೊಳ್ಳಿ. ಗಂಡ ಹೆಂಡತಿ, ಇಬ್ಬರು ಮಕ್ಕಳು ಸೇರಿ 500 ಪೌಂಡ್. ಬೆಡ್ಡಿನಲ್ಲಿ ಕೂರಿಸಿದ ಹಿಚ್ 150 ಪೌಂಡ್. ಟೂಲ್ ಬಾಕ್ಸ್, ರಬ್ಬರ್ ಮ್ಯಾಟು, ಸೀಟಿನ ಹಿಂದಿನ ಐಸ್ ಬಾಕ್ಸು ಎಲ್ಲ ಸೇರಿ 100. ಉಳಿದದ್ದು 1,400 ಪೌಂಡ್. ಪಿನ್ ತೂಕ ಶೇ 20 ಎಂದು ಹಿಡಿದರೆ, ಸಾಮಾನು ನೀರು ಎಲ್ಲ ತುಂಬಿದ ಟ್ರೈಲರ್ 7,000 ಪೌಂಡ್ ಮೀರುವಂತಿಲ್ಲ. ಅದೇ ಟ್ರಕ್ಕಿನ ಟೋ ರೇಟಿಂಗ್ 15,000 ಇದ್ದರೂ ಅಷ್ಟೇ. ಕುಟುಂಬಕ್ಕೆ ಇಷ್ಟವಾದ ಟ್ರೈಲರ್ ತುಂಬಿದಾಗ 11,500 ಪೌಂಡ್ ತೂಗುವಂಥದ್ದಾದರೆ ಅದರ ಪಿನ್ ತೂಕ 2,300. ಮಿತಿಗಿಂತ 900 ಪೌಂಡ್, ಅಂದರೆ 400 ಕಿಲೋಗೂ ಹೆಚ್ಚು. ಎಂಜಿನ್ ಎಳೆಯುತ್ತದೆ, ಎಳೆಯುವಾಗ ಯಾವ ತೊಂದರೆಯೂ ಕಾಣಿಸುವುದಿಲ್ಲ. ಜನ ಏಮಾರುವುದು ಇಲ್ಲಿಯೇ.

ಟೋ ರೇಟಿಂಗ್ ಸುಳ್ಳಲ್ಲ. ಎಸ್‌ಎಇ ಜೆ2807 ಎಂಬ, ವಾಹನ ಎಂಜಿನಿಯರುಗಳ ಸಂಸ್ಥೆಯೊಂದರ ಮಾನದಂಡದ ಪ್ರಕಾರ ಅದನ್ನು ನಿರ್ಧರಿಸುತ್ತಾರೆ. ಅರಿಜೋನಾದಲ್ಲಿ ಡೇವಿಸ್ ಡ್ಯಾಮ್ ಬಳಿ ಬುಲ್‌ಹೆಡ್ ಸಿಟಿಯಿಂದ ಮೇಲೇರುವ ರಸ್ತೆಯೊಂದಿದೆ, 11 ಮೈಲಿಗೂ ಉದ್ದದ ಏರು. ಸುಡುಬಿಸಿಲು, ಎಸಿ ಪೂರ್ತಿ ಓಡುತ್ತಿರಬೇಕು, ಟ್ರಕ್ಕಿನ ವೇಗ ಗಂಟೆಗೆ 40 ಮೈಲಿಗಿಂತ ಕೆಳಗಿಳಿಯಬಾರದು. ಹಿಂದೆ ನಾಲ್ಕು ಟೈರಿರುವ ಟ್ರಕ್ಕುಗಳಿಗೆ 35 ಸಾಕು. ಎಂಜಿನ್, ಗೇರ್‌ಬಾಕ್ಸ್, ಕೂಲಿಂಗ್ ಎಷ್ಟು ಗಟ್ಟಿ ಎಂಬುದಕ್ಕೆ ಇದು ಒಳ್ಳೆಯ ಪರೀಕ್ಷೆ. ಆದರೆ ಆ ಲೆಕ್ಕದಲ್ಲಿ ಟ್ರಕ್ಕಿನೊಳಗೆ ಕೂರುವವರು ತಲಾ 150 ಪೌಂಡಿನ ಇಬ್ಬರೇ. ಅಮೆರಿಕದಲ್ಲಿರುವ ನಮ್ಮ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ, ಮಕ್ಕಳಿಗೆ ರಜೆ. ಎಲ್ಲರನ್ನೂ ಕೂರಿಸಿಕೊಂಡು ಯೆಲ್ಲೋಸ್ಟೋನ್ ಕಡೆ ಹೊರಟರೆ ಕ್ಯಾಬಿನ್ನಿನಲ್ಲಿ ಆರು ಜನ. ಹಿರಿಯರಿಬ್ಬರ ತೂಕ 300 ಪೌಂಡ್ ಎಂದುಕೊಂಡರೂ, ಮೇಲಿನ ಲೆಕ್ಕದ ಪ್ರಕಾರ ಟ್ರೈಲರಿನ ತೂಕದಲ್ಲಿ 1,500 ಪೌಂಡ್ ಇಳಿಸಬೇಕಾಗುತ್ತದೆ. ಒಂದಕ್ಕೆ ಐದು.

ನಿಮ್ಮ ಟ್ರಕ್ಕಿನ ಪೇಲೋಡ್ ಎಷ್ಟು ಎಂಬುದನ್ನು ಬ್ರೋಷರಿನಲ್ಲಿ ಹುಡುಕಬೇಡಿ. ಡ್ರೈವರ್ ಬಾಗಿಲು ತೆರೆದು ಬಾಗಿಲ ಚೌಕಟ್ಟು ನೋಡಿ. ಅಲ್ಲಿ ಹಳದಿ ಬಣ್ಣದ ಗುರುತಿರುವ ಒಂದು ಬಿಳಿ ಸ್ಟಿಕರ್ ಇರುತ್ತದೆ. ಟೈರಿನ ಅಳತೆ, ಗಾಳಿಯ ಒತ್ತಡದ ಜೊತೆಗೆ ಒಂದು ಸಾಲು: ಜನ ಮತ್ತು ಸಾಮಾನಿನ ಒಟ್ಟು ತೂಕ ಇಷ್ಟು ಕಿಲೋ ಅಥವಾ ಇಷ್ಟು ಪೌಂಡ್ ಎಂದೂ ಮೀರಬಾರದು. 2000ನೇ ಇಸವಿಯಲ್ಲಿ ಫೈರ್‌ಸ್ಟೋನ್ ಕಂಪನಿ ಲಕ್ಷಗಟ್ಟಲೆ ಟೈರುಗಳನ್ನು ವಾಪಸ್ ಪಡೆಯಬೇಕಾಯಿತು. ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳು ಟೈರಿನ ಮೇಲ್ಪದರ ಕಿತ್ತುಬಂದು ಉರುಳಿ ಜನ ಸತ್ತಿದ್ದರು. ಅದೇ ವರ್ಷ ಅಮೆರಿಕದ ಸಂಸತ್ತು ಟ್ರೆಡ್ ಆ್ಯಕ್ಟ್ ಎಂಬ ವಾಹನ ಸುರಕ್ಷತೆಯ ಕಾನೂನು ಜಾರಿಗೆ ತಂದಿತು. ಇಂದಿನ ಸ್ಟಿಕರಿನ ಈ ಸಾಲು ಆ ಕಾನೂನಿನ ನಂತರ ಬಂದದ್ದು. ಇಷ್ಟು ಜೀವ ಹೋದ ಮೇಲೆ ಬರೆಸಿದ ಸಾಲನ್ನು ಮಾರಾಟಗಾರರು ತೋರಿಸದಿದ್ದರೆ ನಾವೇ ಬಗ್ಗಿ ಓದಬೇಕು.

ಒಂದೇ ಮಾಡೆಲಿನ ಎರಡು ಟ್ರಕ್ಕುಗಳ ಸ್ಟಿಕರಿನಲ್ಲಿ ನೂರಾರು ಪೌಂಡ್ ವ್ಯತ್ಯಾಸ ಇರಬಹುದು. ನಾಲ್ಕು ಬಾಗಿಲಿನ ಕ್ಯಾಬು, ಫೋರ್ ವೀಲ್ ಡ್ರೈವ್, ಸನ್‌ರೂಫ್, ಚರ್ಮದ ಸೀಟು, ಒಂದೊಂದೂ ಖಾಲಿ ತೂಕವನ್ನು ಹೆಚ್ಚಿಸಿ ಪೇಲೋಡನ್ನು ತಿನ್ನುತ್ತದೆ. ಕೊಂಡ ಮೇಲೆ ಹಾಕಿಸಿದ ಬೆಡ್ ಕವರು, ಸೈಡ್ ಸ್ಟೆಪ್ಪು ಕೂಡ. ಬ್ರೋಷರಿನ ಗರಿಷ್ಠ ಪೇಲೋಡ್ ಯಾವುದೋ ಎರಡು ಬಾಗಿಲಿನ, ಏನೂ ಅಲಂಕಾರವಿಲ್ಲದ ಟ್ರಕ್ಕಿನದು.

ಇನ್ನು ಹಾಫ್ ಟನ್, ಥ್ರೀ ಕ್ವಾರ್ಟರ್ ಟನ್, ಒನ್ ಟನ್ ಎಂಬ ಹೆಸರುಗಳು. ಫೋರ್ಡ್ ಎಫ್-150, ರ‍್ಯಾಮ್ 1500 ಹಾಫ್ ಟನ್. ಎಫ್-250, ರ‍್ಯಾಮ್ 2500 ಥ್ರೀ ಕ್ವಾರ್ಟರ್. ಎಫ್-350, ರ‍್ಯಾಮ್ 3500 ಒನ್ ಟನ್. ಒಂದು ಕಾಲಕ್ಕೆ ಇವು ಹೊರುವ ತೂಕವನ್ನೇ ಹೇಳುತ್ತಿದ್ದವು, ಈಗ ಬರೀ ರೂಢಿ. ಹಾಫ್ ಟನ್ನಿನಿಂದ ಥ್ರೀ ಕ್ವಾರ್ಟರಿಗೆ ಹೋದರೆ ಸಮಸ್ಯೆ ಮುಗಿಯಿತು ಎಂದು ಅನೇಕರು ಭಾವಿಸುತ್ತಾರೆ. ಡೀಸೆಲ್ ಎಂಜಿನ್ನಿನ ಥ್ರೀ ಕ್ವಾರ್ಟರ್ ಟನ್ ಟ್ರಕ್ಕುಗಳಲ್ಲಿ ಬಹಳಷ್ಟರ ಜಿವಿಡಬ್ಲ್ಯುಆರ್ 10,000 ಪೌಂಡಿಗೆ ನಿಂತಿರುತ್ತದೆ. ಅಮೆರಿಕದ ವಾಹನ ವರ್ಗೀಕರಣದಲ್ಲಿ ಒಂದು ವರ್ಗ ಅಲ್ಲಿಗೆ ಮುಗಿದು ಮುಂದಿನದು ಶುರುವಾಗುತ್ತದೆ, ಅದಕ್ಕೆ. ಡೀಸೆಲ್ ಎಂಜಿನ್ನೇ ಪೆಟ್ರೋಲಿನದಕ್ಕಿಂತ ನೂರಾರು ಪೌಂಡ್ ಭಾರ. ಮೇಲಿನ ಗೆರೆ ಕದಲುವುದಿಲ್ಲ, ಖಾಲಿ ತೂಕ ಏರುತ್ತದೆ, ನಡುವಿನ ಪೇಲೋಡ್ ಕುಗ್ಗುತ್ತದೆ. ಹೀಗಾಗಿ ದುಬಾರಿ ಡೀಸೆಲ್ ಟ್ರಕ್ಕಿನ ಪೇಲೋಡ್ 2,000 ಪೌಂಡಿನ ಆಸುಪಾಸಿಗೆ ಬಂದು ನಿಲ್ಲುವುದುಂಟು. ದೊಡ್ಡ ಫಿಫ್ತ್ ವೀಲ್ ಬೇಕೆನ್ನುವವರು ಒನ್ ಟನ್ನಿಗೆ, ಅದರಲ್ಲೂ ಹಿಂದೆ ನಾಲ್ಕು ಟೈರಿರುವ ಡ್ಯುಯಲಿಗೆ ಹೋಗುವುದು ಈ ಕಾರಣಕ್ಕೆ. ಅವುಗಳ ಜಿವಿಡಬ್ಲ್ಯುಆರ್ 14,000 ಪೌಂಡಿನವರೆಗೂ ಇರುತ್ತದೆ. ಮೇಲೆ ಹೇಳಿದ ಸ್ಟಿಕರಿನ ನಿಯಮ ಅನ್ವಯಿಸುವುದು 10,000 ಪೌಂಡ್‌ವರೆಗಿನ ವಾಹನಗಳಿಗೆ. ಅದಕ್ಕಿಂತ ದೊಡ್ಡ ಟ್ರಕ್ಕಿನಲ್ಲಿ ಪಕ್ಕದ ಇನ್ನೊಂದು ಸ್ಟಿಕರಿನಲ್ಲಿರುವ ಜಿವಿಡಬ್ಲ್ಯುಆರ್ ನೋಡಿ, ಟ್ರಕ್ಕನ್ನು ತೂಗಿಸಿ, ಲೆಕ್ಕ ಮಾಡಿಕೊಳ್ಳಬೇಕು.

ಟ್ರೈಲರಿನ ಕಡೆಯ ಮೋಸ ಇದಕ್ಕಿಂತ ದೊಡ್ಡದು. ಬ್ರೋಷರಿನಲ್ಲಿ ಡ್ರೈ ವೇಟ್ (ಟ್ರೈಲರಿನ ಖಾಲಿ ತೂಕ), ಹಿಚ್ ವೇಟ್ (ಪಿನ್ ತೂಕ) ಎಂದು ಎರಡು ಸಂಖ್ಯೆ ಕೊಡುತ್ತಾರೆ. ಎರಡೂ ಫ್ಯಾಕ್ಟರಿ ಬಾಗಿಲು ದಾಟಿದ ಖಾಲಿ ಟ್ರೈಲರಿನವು: ನೀರಿಲ್ಲ, ಹಾಸಿಗೆ ಬಟ್ಟೆಯಿಲ್ಲ, ಹೆಚ್ಚಾಗಿ ಬ್ಯಾಟರಿಯೂ ಇಲ್ಲ. ಬಹಳಷ್ಟು ಫಿಫ್ತ್ ವೀಲ್‌ಗಳಲ್ಲಿ ಬ್ಯಾಟರಿ, ಗ್ಯಾಸ್ ಸಿಲಿಂಡರು, ದೊಡ್ಡ ಸಾಮಾನು ಗೂಡು ಎಲ್ಲ ಇರುವುದು ಮುಂಭಾಗದಲ್ಲೇ, ಪಿನ್ನಿನ ಹತ್ತಿರ. ತುಂಬಿದ ಎರಡು 30 ಪೌಂಡಿನ ಸಿಲಿಂಡರುಗಳೇ 100 ಪೌಂಡ್ ದಾಟುತ್ತವೆ. 60 ಗ್ಯಾಲನ್ ನೀರು ಎಂದರೆ 500 ಪೌಂಡ್. ನಮ್ಮ ಅಡುಗೆಮನೆಯೂ ಹಗುರವಲ್ಲ. ಅಕ್ಕಿ ಮೂಟೆ, ಕುಕ್ಕರುಗಳು, ದೋಸೆ ಹಿಟ್ಟಿಗೆಂದು ಗ್ರೈಂಡರ್. ಹಾಗಾಗಿ ನನ್ನ ಸಲಹೆ ಇಷ್ಟೆ: ಬ್ರೋಷರಿನ ಹಿಚ್ ವೇಟ್ ಮರೆತುಬಿಡಿ. ಟ್ರೈಲರಿನ ಮೈಮೇಲಿನ ಜಿವಿಡಬ್ಲ್ಯುಆರ್ ತೆಗೆದುಕೊಂಡು ಅದರ ಶೇ 20ರಿಂದ 22ನ್ನು ಪಿನ್ ತೂಕ ಎಂದು ಹಿಡಿಯಿರಿ. ಅದು ನಿಮ್ಮ ಉಳಿದ ಪೇಲೋಡಿನೊಳಗೆ ಬಂದರೆ ನಿಶ್ಚಿಂತೆ.

ಈಗಾಗಲೇ ಕೊಂಡವರಿಗೆ ಸತ್ಯ ಹೇಳುವುದು ತೂಕದ ಸೇತುವೆ, ನಮ್ಮ ಕಡೆ ವೇಬ್ರಿಡ್ಜ್ ಎನ್ನುವುದು. ಅಮೆರಿಕದ ಹೆದ್ದಾರಿಗಳ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಹಾಸುಗಳಿವೆ. ಅಯೋವಾದ ವಾಲ್ಕಾಟ್ ಎಂಬ ಊರಿನ ಕಂಪನಿ 1977ರಿಂದ ನಡೆಸಿಕೊಂಡು ಬಂದಿದೆ. ಮುಂದಿನ ಚಕ್ರ ಮೊದಲ ಹಾಸಿನ ಮೇಲೆ, ಹಿಂದಿನವು ಎರಡನೆಯದರ ಮೇಲೆ, ಟ್ರೈಲರಿನವು ಮೂರನೆಯದರ ಮೇಲೆ ಬರುವಂತೆ ನಿಲ್ಲಿಸಬೇಕು. ಎಲ್ಲರೂ ಕೂತಿರಬೇಕು, ಟ್ಯಾಂಕು ತುಂಬಿರಬೇಕು. ಚೀಟಿ ಸಿಗುತ್ತದೆ. ಆಮೇಲೆ ಪಕ್ಕದಲ್ಲಿ ಟ್ರೈಲರ್ ಬಿಚ್ಚಿಟ್ಟು ಬರೀ ಟ್ರಕ್ಕನ್ನು ಮತ್ತೆ ತೂಗಬೇಕು; ಅದೇ ದಿನದ ಎರಡನೇ ತೂಕಕ್ಕೆ ದರ ಕಡಿಮೆ.

ಚೀಟಿಯನ್ನು ಹೀಗೆ ಓದಬೇಕು. ಟ್ರೈಲರ್ ಸಹಿತ: ಮುಂದಿನ ಆಕ್ಸಲ್ 4,760, ಹಿಂದಿನದು 5,640, ಟ್ರೈಲರಿನ ಆಕ್ಸಲ್‌ಗಳು 8,600. ಟ್ರಕ್ಕು ಒಂದೇ: 4,700 ಮತ್ತು 3,500. ಟ್ರಕ್ಕಿನ ಮೇಲೆ ಮೊದಲ ಸಲ 10,400 ಇತ್ತು, ಎರಡನೇ ಸಲ 8,200. ವ್ಯತ್ಯಾಸ 2,200, ಅದೇ ಪಿನ್ ತೂಕ. ಟ್ರೈಲರಿನ ಒಟ್ಟು ತೂಕ 8,600ಕ್ಕೆ 2,200 ಸೇರಿಸಿ 10,800. ಪಿನ್ ಪಾಲು ಶೇ 20ಕ್ಕೆ ತುಸು ಹೆಚ್ಚು. ಆ 2,200ರಲ್ಲಿ 2,140 ಹಿಂದಿನ ಆಕ್ಸಲ್ ಮೇಲೆ, ಬರೀ 60 ಮುಂದೆ. ಜಿವಿಡಬ್ಲ್ಯುಆರ್ 10,000 ಆಗಿದ್ದರೆ ಈ ಟ್ರಕ್ಕು 400 ಪೌಂಡ್ ಮೀರಿದೆ. ಹಿಂದಿನ ಆಕ್ಸಲ್‌ನ ಮಿತಿ 6,200 ಆಗಿದ್ದರೆ ಅದರೊಳಗಿದೆ.

ಇಂಥ ಕಡೆ ವಾದ ಹುಟ್ಟುತ್ತದೆ. 10,000 ಎಂಬುದು ವರ್ಗೀಕರಣಕ್ಕೆ ಬರೆದ ಕಾಗದದ ಗೆರೆ, ನಿಜವಾದ ಮಿತಿ ಆಕ್ಸಲ್ ಮತ್ತು ಟೈರಿನದು ಎನ್ನುವವರು ಬಹಳ ಜನ. ಅದರಲ್ಲಿ ಸ್ವಲ್ಪ ಹುರುಳಿದೆ. ಆದರೂ ನಾನು ಸ್ಟಿಕರಿನ ಪರ. ಬ್ರೇಕು, ಫ್ರೇಮು, ಸಸ್ಪೆನ್ಷನ್ ಎಲ್ಲ ಸೇರಿ ಇಷ್ಟಕ್ಕೆ ಹೊಣೆ ಎಂದು ತಯಾರಕರು ಹೇಳಿರುವುದು ಆ ಸಂಖ್ಯೆಯನ್ನೇ. ಅವುಗಳಲ್ಲಿ ಯಾವುದು ಮೊದಲು ಸೋಲುತ್ತದೆ ಎಂದು ಹೊರಗಿನವರಿಗೆ ಕಾಣುವುದಿಲ್ಲ. ಹಿಂಭಾಗ ಕುಸಿದು ಕಂಡರೆ ಸಸ್ಪೆನ್ಷನ್ನಿಗೆ ಗಾಳಿ ತುಂಬುವ ಏರ್ ಬ್ಯಾಗ್ ಹಾಕಿಸಿ ನೆಟ್ಟಗೆ ಮಾಡುವ ಅಭ್ಯಾಸವೂ ಇದೆ. ಟ್ರಕ್ಕು ಮಟ್ಟಸವಾಗಿ ನಿಲ್ಲುತ್ತದೆ, ಹೆಡ್‌ಲೈಟು ರಸ್ತೆಗೆ ಬೀಳುತ್ತದೆ. ಪೇಲೋಡ್ ಒಂದು ಪೌಂಡೂ ಹೆಚ್ಚುವುದಿಲ್ಲ, ಟೈರಿನ ಮೇಲಿನ ಭಾರ ಒಂದು ಪೌಂಡೂ ಇಳಿಯುವುದಿಲ್ಲ.

ಮಿತಿ ಸ್ವಲ್ಪವೇ ಮೀರಿದ್ದರೆ ಮುಂಭಾಗದ ಗೂಡಿನ ಭಾರದ ಸಾಮಾನನ್ನು ಟ್ರೈಲರಿನ ಆಕ್ಸಲ್ ಹತ್ತಿರಕ್ಕೆ ಸರಿಸಬಹುದು, ಬೆಡ್ಡಿನ ಟೂಲ್ ಬಾಕ್ಸ್ ಮನೆಯಲ್ಲಿ ಬಿಡಬಹುದು, ಕ್ಯಾಂಪ್‌ಗ್ರೌಂಡಿನಲ್ಲಿ ನಲ್ಲಿಯಿದ್ದರೆ ದಾರಿಯುದ್ದಕ್ಕೂ ನೀರು ಹೊರುವ ಅಗತ್ಯವಿಲ್ಲ. ನೀರಿನ ಟ್ಯಾಂಕ್ ಆಕ್ಸಲ್‌ನ ಹಿಂದಿದ್ದರೆ ಅದು ತುಂಬಿದಾಗ ಪಿನ್ ತೂಕ ಇಳಿಯುತ್ತದೆ, ಮುಂದಿದ್ದರೆ ಏರುತ್ತದೆ. ನಿಮ್ಮ ಟ್ರೈಲರಿನಲ್ಲಿ ಎಲ್ಲಿದೆ ನೋಡಿಕೊಳ್ಳಿ. ಹಾಗೆಂದು ಎಲ್ಲವನ್ನೂ ಹಿಂದಕ್ಕೆ ತಳ್ಳಬೇಡಿ. ಪಿನ್ ಪಾಲು ಶೇ 15ಕ್ಕಿಂತ ಕೆಳಗಿಳಿದರೆ ಟ್ರೈಲರ್ ಓಲಾಡತೊಡಗುತ್ತದೆ. ಸಾಮಾನು ಸರಿಸಿದ ಮೇಲೆ ಮತ್ತೊಮ್ಮೆ ತೂಗಿಸಿ.